ಮನೆಯವರ ಕೀಲಿ

ಮಾರ್ಚ್ 11, ಮಂಗಳವಾರ
ಕಚೇರಿ, ಮೂರನೆಯ ಮಹಡಿ, ಊಟದ ಬಿಡುವು

ಪ್ರೀತಿಯ ಮೊಂಡಿ,

ನಿನ್ನ ಪತ್ರ ನಿನ್ನೆ ಸಂಜೆ ಸಿಕ್ಕಿತು. ಟೈಲರಮ್ಮ ಅದನ್ನು ನನ್ನ ಕೋಟಿನ ಅಸ್ತರಿನೊಳಗೆ ಇಟ್ಟು ಮೇಲೆ ನಾಲ್ಕು ಹೊಲಿಗೆ ಹಾಕಿದ್ದರು. ‘ಒಳಗಡೆ ಹರಿದಿತ್ತು, ಹೊಲ್ದಿದೀನಿ, ಮನೆಗೆ ಹೋಗಿ ನೋಡ್ಕೊಳ್ಳಿ’ ಎಂದರು. ಹರಿದಿರಲಿಲ್ಲವಲ್ಲ ಎಂದೆ. ‘ಹರಿದಿತ್ತು ಕಣಮ್ಮ, ನೋಡ್ಕೊಳ್ಳಿ ಅಂದೆ’ ಎಂದು ಗದರಿದ ಮೇಲೆ ಅರ್ಥವಾಯಿತು. ನನ್ನ ಉತ್ತರವೂ ಅದೇ ದಾರಿಯಲ್ಲಿ ನಿನಗೆ ಬರುತ್ತದೆ. ಕಾಗದ ನೋಡಿ ಬೇಸರ ಮಾಡಿಕೊಳ್ಳಬೇಡ. ಇದು ನಮ್ಮ ಹಳೆಯ ಪ್ರಶ್ನಾವಳಿಯ ಹಾಳೆ, ಹಿಂಬದಿಯಲ್ಲಿ ಬರೆಯುತ್ತಿದ್ದೇನೆ.

ನೀನು ಎರಡು ಪ್ರಶ್ನೆ ಕೇಳಿದ್ದೀಯ. ನೀನು ಫೋನಿನಲ್ಲಿ ಬರೆದದ್ದೆಲ್ಲ ನಿನ್ನ ಮನೆಯವರಿಗೆ ಹೇಗೆ ಗೊತ್ತಾಗುತ್ತಿದೆ ಎನ್ನುವುದು ಒಂದು. ಈ ಗುರುವಾರ ನಾಲ್ಕು ಗಂಟೆಗೆ, ಅವರು ತಮ್ಮ ತಾಯಿಯನ್ನು ಕಣ್ಣಿನ ಆಸ್ಪತ್ರೆಗೆ ಕರೆದುಕೊಂಡು ಹೋಗಿರುವಾಗ, ನಾನು ಟೈಲರಮ್ಮನ ಅಂಗಡಿಯ ಹಿಂಬಾಗಿಲಿಗೆ ಕಾರು ತಂದು ನಿನ್ನನ್ನು ಹತ್ತಿಸಿಕೊಳ್ಳುತ್ತೇನೆಯೇ ಎನ್ನುವುದು ಇನ್ನೊಂದು. ಎರಡನೆಯದಕ್ಕೆ ಒಂದು ಪದ ಸಾಕು. ಮೊದಲನೆಯದಕ್ಕೆ ಸಾಲದು. ಅದಕ್ಕೇ ಮೊದಲನೆಯದನ್ನು ಬರೆದು ಮುಗಿಸುತ್ತೇನೆ.

ನೀನು ನಿದ್ದೆಯಲ್ಲಿ ಮಾತಾಡುವುದಿಲ್ಲ. ಹದಿನೇಳು ವರ್ಷ ನಿನ್ನ ಪಕ್ಕದ ಮಂಚದಲ್ಲಿ ಮಲಗಿದವಳು ಹೇಳುತ್ತಿದ್ದೇನೆ. ಬಾಯಿಗೆ ಬಟ್ಟೆ ಕಟ್ಟಿಕೊಂಡು ಮಲಗುವುದನ್ನು ಇವತ್ತೇ ನಿಲ್ಲಿಸು. ಗುಪ್ತಸಂಖ್ಯೆಯನ್ನು ಒಂಬತ್ತು ಸಲ ಬದಲಿಸಿದೆ ಎಂದು ಬರೆದಿದ್ದೀಯ. ತೊಂಬತ್ತು ಸಲ ಬದಲಿಸಿದ್ದರೂ ಅಷ್ಟೆ. ನಿನ್ನ ಬೀಗದಲ್ಲಿ ದೋಷವಿಲ್ಲ, ನೀನು ಅದನ್ನು ಹಾಕುವ ರೀತಿಯಲ್ಲೂ ಇಲ್ಲ.

ಜನವರಿ ಕೊನೆಯಲ್ಲಿ ಇದೇ ಪ್ರಶ್ನೆಯನ್ನು ನೀನು ಫೋನಿನಲ್ಲಿ ಕೇಳಿದ್ದೆ. ‘ಅಕ್ಕಾ, ನೀನು ಫೋನಿನವರ ಜೊತೇಲೇ ಕೆಲಸ ಮಾಡೋಳು. ಹೀಗೆ ಆಗೋದು ಉಂಟಾ?’ ಎಂದಿದ್ದೆ. ‘ಎಲ್ಲೋ ಚೀಟೀಲಿ ಬರೆದಿಟ್ಟು ಮರೆತಿರ್ತೀಯ, ನಿನ್ನ ಮರೆವು ನಂಗೆ ಗೊತ್ತಿಲ್ವಾ’ ಎಂದು ನಾನು ನಕ್ಕೆ. ನೀನೂ ನಕ್ಕೆ. ಆಗ ನನಗೆ ಉತ್ತರ ಗೊತ್ತಿತ್ತು. ಆ ಫೋನಿಗೆ ಎರಡು ಕೀಲಿಗಳಿವೆ. ಒಂದು ನಿನ್ನ ಹತ್ತಿರ. ಇನ್ನೊಂದು ಡಿಸೆಂಬರ್ ಹದಿನಾರರಿಂದ ನಿನ್ನ ಮನೆಯವರ ಫೋನಿನಲ್ಲಿದೆ. ನೀನು ಬರೆದದ್ದು, ನಿನಗೆ ಬಂದದ್ದು, ಬರೆದು ಅಳಿಸಿದ್ದು, ಎಲ್ಲವನ್ನೂ ಅವರು ತಮ್ಮ ಕುರ್ಚಿಯಿಂದ ಏಳದೆ ತೆರೆದು ನೋಡಬಹುದು.

ಇದು ಕಳ್ಳತನದಿಂದ ಆದದ್ದಲ್ಲ. ಜನ ಬೇಕೆಂದು ಕೇಳಿದ್ದರಿಂದ ಆದದ್ದು. ಜನ ಬೇಕೆಂದು ಕೇಳಿದರೆಂದು ಹೇಳಿದವಳು ನಾನು.

ನನ್ನ ಕೆಲಸವನ್ನು ನೀನು ಯಾವಾಗಲೂ ‘ಬಾಗಿಲು ತಟ್ಟೋ ಕೆಲಸ’ ಎನ್ನುತ್ತೀಯ. ತಟ್ಟುವವರು ಬೇರೆ, ನಾನು ಬಾಗಿಲಲ್ಲಿ ಕೇಳಬೇಕಾದ ಪ್ರಶ್ನೆಗಳನ್ನು ಬರೆಯುವವಳು. ಕಳೆದ ವರ್ಷ ಫೋನ್ ತಯಾರಿಸುವ ಕಂಪನಿಯೊಂದು ನಮ್ಮ ಹತ್ತಿರ ಬಂತು. ಅವರಿಗೆ ಒಂದೇ ವಿಷಯ ತಿಳಿಯಬೇಕಿತ್ತು. ಫೋನಿನಲ್ಲಿ ಎಂಥ ಭದ್ರತೆ ಇದ್ದರೆ ಜನ ಅಂಗಡಿಗೆ ಬಂದು ಅದನ್ನೇ ಕೊಡಿ ಎಂದು ಕೇಳುತ್ತಾರೆ? ಬೆರಳು ಒತ್ತಿದರೆ ತೆರೆಯುವ ಬೀಗ, ಓದಿದೊಡನೆ ಅಳಿಸಿಹೋಗುವ ಸಂದೇಶ, ಗೊತ್ತಿಲ್ಲದವರ ಕರೆಯನ್ನು ತಡೆಯುವುದು, ಕಳೆದುಹೋದರೆ ಕೂಗಿಕೊಳ್ಳುವುದು, ಹೀಗೆ ಏಳು ಬಗೆ. ಏಳು ರಟ್ಟಿನ ಚೀಟಿ ಮಾಡಿ ಎರಡು ಸಾವಿರದ ನಾನ್ನೂರು ಮನೆಗಳಿಗೆ ಕಳಿಸಿದೆವು. ಚೀಟಿಗಳನ್ನು ತಮಗೆ ಬೇಕಾದ ಕ್ರಮದಲ್ಲಿ ಜೋಡಿಸಿ ಎಂದು ಕೇಳುವುದು. ಆಮೇಲೆ ಇಪ್ಪತ್ತೆರಡು ಪ್ರಶ್ನೆ.

ಉತ್ತರಗಳನ್ನು ಓದುವುದು ನನಗೆ ಇಷ್ಟ. ಬೇಕರಿಯಾಕೆಯೊಬ್ಬಳು ‘ನನ್ನ ಮಾತು ಕದ್ದು ಕೇಳೋರಿಗೆ ಬೇಜಾರಾಗುತ್ತೆ ಅಷ್ಟೆ, ಪಾಪ, ಕೇಳ್ಲಿ ಬಿಡಿ’ ಎಂದಿದ್ದಾಳೆ. ಒಬ್ಬ ಮುದುಕರು ಏಳೂ ಚೀಟಿಗಳನ್ನು ವಾಪಸು ಕೊಟ್ಟು, ‘ಇದ್ಯಾವುದೂ ಬೇಡ. ನನ್ನ ಮಗ ಫೋನ್ ಎತ್ತೋ ಹಾಗೆ ಮಾಡೋ ಚೀಟಿ ಇದ್ರೆ ತನ್ನಿ’ ಎಂದಿದ್ದಾರೆ. ಅಂಥವನ್ನು ನಾನು ವರದಿಗೆ ಸೇರಿಸುವುದಿಲ್ಲ, ಬೇರೆ ಕಡೆ ಬರೆದಿಟ್ಟುಕೊಳ್ಳುತ್ತೇನೆ.

ಏಳನೆಯ ಚೀಟಿ ಎರಡನೆಯ ಕೀಲಿಯದು, ಹದಿನಾಲ್ಕನೆಯ ಪ್ರಶ್ನೆ ಅದರ ಬಗ್ಗೆ. ಕಂಪನಿಯವರು ಕಳಿಸಿದ ಕರಡಿನಲ್ಲಿ ‘ನಂಬಿಕಸ್ಥ ವ್ಯಕ್ತಿ’ ಎಂದಿತ್ತು. ಅಗತ್ಯ ಬಿದ್ದಾಗ ನಿಮ್ಮ ಫೋನಿನ ಬೀಗವನ್ನು ನಂಬಿಕಸ್ಥ ವ್ಯಕ್ತಿಯೊಬ್ಬರು ತೆಗೆಯುವಂತಿರಬೇಕೇ, ಎಂದು. ಮೊದಲ ಹತ್ತು ಮನೆಗಳಲ್ಲಿ ಕೇಳಿ ನೋಡಿದಾಗ ಆ ಪದಕ್ಕೆ ಎಲ್ಲರೂ ಎಡವಿದರು. ‘ಯಾರು, ವಕೀಲರಾ?’ ಎಂದು ಒಬ್ಬರು, ‘ಸಾಲಕ್ಕೆ ಜಾಮೀನು ಕೇಳ್ತಿದೀರಾ?’ ಎಂದು ಇನ್ನೊಬ್ಬರು. ಬಾಗಿಲಲ್ಲಿ ನಿಂತು ಯಾರೂ ಹಾಗೆ ಮಾತಾಡುವುದಿಲ್ಲ, ಆ ಪದ ಅನುವಾದದ ಪದ. ನಾನು ಅದನ್ನು ಹೊಡೆದುಹಾಕಿ ‘ಮನೆಯವರು’ ಎಂದು ಬರೆದೆ. ಅಗತ್ಯ ಬಿದ್ದಾಗ ನಿಮ್ಮ ಫೋನಿನ ಬೀಗವನ್ನು ಮನೆಯವರು ತೆಗೆಯುವಂತಿರಬೇಕೇ? ಎಷ್ಟು ಸರಾಗವಾಗಿದೆ ನೋಡು. ಆ ದಿನ ನನಗೆ ನನ್ನ ಬಗ್ಗೆ ಒಳ್ಳೆಯ ಅಭಿಪ್ರಾಯವಿತ್ತು.

ನಿನಗೆ ಈಗಾಗಲೇ ಹೊಳೆದಿರಬೇಕು. ಗಂಡಸರು ಆ ಪದಕ್ಕೆ ಮನೆಯ ಮಂದಿಯೆಲ್ಲ ಎಂದು ಅರ್ಥ ಮಾಡಿಕೊಂಡರು. ಒಬ್ಬ ಬಸ್ ಕಂಡಕ್ಟರ್ ಹೇಳಿದ್ದು ಹಾಳೆಯ ಮೇಲೆ ಹಾಗೇ ಇದೆ: ‘ಮನೆಯವರು ಅಂದ್ರೆ ಅಮ್ಮ, ತಮ್ಮ, ಹೆಂಡ್ತಿ, ಹೆಂಡ್ತಿ ತಮ್ಮ, ಎಲ್ಲರೂನಾ? ಹಾಗಾದ್ರೆ ಬೀಗಾನೇ ಯಾಕೆ ಸ್ವಾಮಿ, ಬಾಗಿಲು ತೆಗೆದೇ ಇಟ್ಬಿಡ್ತೀನಿ.’ ಗಂಡಸರಲ್ಲಿ ಹೌದು ಎಂದವರು ನೂರಕ್ಕೆ ಇಪ್ಪತ್ತಾರು. ಹೆಂಗಸರಿಗೆ ಆ ಪದ ಗಂಡ ಎಂದು ಕೇಳಿಸಿತು. ಕೆಲವರು ಒಳಗೆ ತಿರುಗಿ, ‘ರೀ, ಬನ್ನಿ ಇಲ್ಲಿ, ನಿಮ್ಮ ವಿಷಯಾನೇ ಕೇಳ್ತಿದಾರೆ’ ಎಂದು ಕರೆದಿದ್ದಾರೆ. ಅವರು ಬಂದು ಪಕ್ಕದಲ್ಲಿ ನಿಂತ ಮೇಲೆ ಉತ್ತರ ಹೇಳಿದ್ದಾರೆ. ಮದುವೆಯಾಗದ ಹುಡುಗಿಯೊಬ್ಬಳು ‘ಇನ್ನೂ ಆಗಿಲ್ಲ’ ಎಂದಿದ್ದಾಳೆ. ಗಂಡ ತೀರಿಹೋದ ಹೆಂಗಸೊಬ್ಬರು, ‘ಅವರು ಹೋಗಿ ಒಂಬತ್ತು ವರ್ಷ ಆಯ್ತಲ್ಲಮ್ಮ. ಬಂದು ತೆಗೀತೀನಿ ಅಂದ್ರೆ ನಾನೇನು ಬೇಡ ಅನ್ನಲ್ಲ’ ಎಂದಿದ್ದಾರೆ. ಅದನ್ನು ನಮ್ಮವರು ಹೌದು ಎಂದು ಗುರುತು ಹಾಕಿಕೊಂಡು ಬಂದರು. ಹೆಂಗಸರಲ್ಲಿ ಹೌದು ಎಂದವರು ನೂರಕ್ಕೆ ಎಂಬತ್ತೊಂದು.

ಇದನ್ನು ಮೊದಲು ಹಿಡಿದವರು ಮೇಷ್ಟ್ರು. ನಿನಗೆ ಅವರ ವಿಷಯ ಹೇಳಿದ್ದೆ, ಶಾಲೆಯಿಂದ ನಿವೃತ್ತರಾದ ಮೇಲೆ ನಮ್ಮಲ್ಲಿ ಮನೆಮನೆಗೆ ಹೋಗುವವರ ಮೇಲ್ವಿಚಾರಣೆ ನೋಡಿಕೊಳ್ಳುತ್ತಿದ್ದವರು. ಮೂವತ್ತು ಹಾಳೆಗಳ ಅಂಚಿನಲ್ಲಿ ಕೆಂಪು ಪೆನ್ನಿನಿಂದ ‘ಮನೆಯವರು = ಗಂಡ?’ ಎಂದು ಬರೆದು ತಂದು ನನ್ನ ಮೇಜಿನ ಮೇಲೆ ಇಟ್ಟರು.

‘ಮೇಡಂ, ನಮ್ಮ ಮನೆಯವಳು ನನ್ನನ್ನ ಏನಂತ ಹೇಳ್ತಾಳೆ ಗೊತ್ತಾ? ನಮ್ಮ ಮನೆಯವರು ಅಂತ.’

‘ಗೊತ್ತು ಮೇಷ್ಟ್ರೇ.’

‘ಹಾಗಾದ್ರೆ ಇದು ಒಂದು ಪ್ರಶ್ನೆ ಅಲ್ಲ. ಎರಡು. ಗಂಡಸರ ಪೇಪರ್ ಬೇರೆ, ಹೆಂಗಸರ ಪೇಪರ್ ಬೇರೆ ಆಯ್ತು. ಮಾರ್ಕ್ಸ್ ಮಾತ್ರ ಒಟ್ಟಿಗೆ ಕೂಡ್ತಿದೀವಿ.’

‘ಈಗ ಬದಲಿಸಿದ್ರೆ ಇಲ್ಲೀತನಕ ಕೇಳಿದ ಸಾವಿರದ ಐನೂರು ಮನೆ ದಂಡ.’

‘ಆಗ್ಲಿ ಬಿಡಿ. ತಪ್ಪು ಲೆಕ್ಕ ಮಾಡಿದ ಮಕ್ಕಳಿಗೆ ನಾನು ಸೊನ್ನೆ ಕೊಡ್ತಿದ್ದೆ, ಮತ್ತೆ ಮೊದಲಿಂದ ಮಾಡು ಅಂತಿದ್ದೆ.’

‘ಈಗ ನೀವು ಮೇಷ್ಟ್ರಲ್ವಲ್ಲ’ ಎಂದೆ.

ಅವರು ಕೆಂಪು ಪೆನ್ನಿಗೆ ಮುಚ್ಚಳ ಹಾಕಿ ಜೇಬಿನಲ್ಲಿಟ್ಟುಕೊಂಡು ಎದ್ದುಹೋದರು. ಮುಂದಿನ ಸಮೀಕ್ಷೆಗೆ ಕರೆಯಬೇಕಾದವರ ಪಟ್ಟಿಯಲ್ಲಿ ನಾನು ಅವರ ಹೆಸರು ಬರೆಯಲಿಲ್ಲ. ಕೋಪದಿಂದಲ್ಲ. ಅವರು ಮತ್ತೆ ಅದನ್ನೇ ಕೇಳುತ್ತಿದ್ದರು.

ಎಂಬತ್ತೊಂದನ್ನು ಪರದೆಯ ಮೇಲೆ ಹಾಕಿದಾಗ ಕಂಪನಿಯವರು ಕುರ್ಚಿಯಲ್ಲಿ ನೆಟ್ಟಗೆ ಕುಳಿತರು. ಉಳಿದ ಆರು ಬಗೆಗಳಲ್ಲಿ ಯಾವುದೂ ನಲವತ್ತು ದಾಟಿರಲಿಲ್ಲ. ಅವರಲ್ಲೊಬ್ಬರು, ಹೆಂಗಸರು ಇಷ್ಟೊಂದು ಜನ ತಾವಾಗಿಯೇ ಇದನ್ನು ಕೇಳುತ್ತಿದ್ದಾರೆಯೇ ಎಂದು ಎರಡು ಸಲ ವಿಚಾರಿಸಿದರು. ಎರಡು ಸಲವೂ ಹೌದೆಂದೆ. ಅಂಕಿ ಸರಿಯಾಗಿತ್ತು, ಮೊಂಡಿ. ಒಂದು ಹಾಳೆಯೂ ಆಚೀಚೆ ಆಗಿರಲಿಲ್ಲ. ನಮ್ಮ ಮ್ಯಾನೇಜರ್ ಹೊರಗೆ ಬಂದ ಮೇಲೆ, ‘ಒಂದು ಪದದಲ್ಲಿ ಹೊಡೆದುಬಿಟ್ರಲ್ರೀ’ ಎಂದರು. ಏನು ಹೊಡೆದೆ ಎಂದು ನಾನು ಕೇಳಲಿಲ್ಲ. ಆ ಸೌಲಭ್ಯಕ್ಕೆ ಅವರು ಇಟ್ಟ ಹೆಸರೂ ನನ್ನದೇ: ಮನೆಯವರ ಕೀಲಿ.

ಇನ್ನು ಫೋನಿನ ವಿಷಯ. ಅದನ್ನು ನಿನ್ನ ಹುಟ್ಟುಹಬ್ಬಕ್ಕೆ ಕೊಂಡುತಂದೆ ಎಂದಿದ್ದೆ. ಕೊಂಡುತಂದದ್ದಲ್ಲ. ಅಂಗಡಿಗೆ ಬಿಡುವ ಮೊದಲು ಇಪ್ಪತ್ತು ಮನೆಗಳಲ್ಲಿ ತೊಂಬತ್ತು ದಿನ ಬಳಸಿ ನೋಡಬೇಕಿತ್ತು. ಮನೆಗಳನ್ನು ಆರಿಸುವ ಕೆಲಸ ನನಗೆ ಬಿತ್ತು. ಹತ್ತೊಂಬತ್ತನ್ನು ಪಟ್ಟಿಯಿಂದ ಆರಿಸಿದೆ. ನಿಮ್ಮದು ಹದಿನೇಳನೆಯ ಮನೆ. ಯಾಕೆ ನಿಮ್ಮ ಮನೆ ಎಂದು ನೀನು ಕೇಳಬಹುದು. ನಾನೂ ಕೇಳಿಕೊಂಡಿದ್ದೇನೆ. ನಿನ್ನ ಮನೆಯವರು ಅದನ್ನು ಬಳಸುತ್ತಾರೆ ಎಂದು ನನಗೆ ಖಾತ್ರಿಯಿತ್ತು. ಕೀಲಿ ಕೊಟ್ಟರೂ ತೆರೆಯದ ಮನೆಗಳಿಂದ ಪರೀಕ್ಷೆಗೆ ಪ್ರಯೋಜನವಿಲ್ಲ.

ಒಪ್ಪಿಗೆಯ ಕಾಗದದಲ್ಲಿ ಮನೆಯವರ ಸಹಿ ಎಂದಿತ್ತು, ಆದ್ದರಿಂದ ಅವರ ಸಹಿ ಹಾಕಿಸಿದೆ. ನೀನು ಒಳಗೆ ಕಾಫಿ ಮಾಡುತ್ತಿದ್ದೆ. ಅವರು ಕೆಲಸ ಮುಗಿಸಿ ಆಗತಾನೆ ಬಂದಿದ್ದರು. ಲಿಫ್ಟಿನಲ್ಲಿ ಸಿಕ್ಕಿಹಾಕಿಕೊಂಡವರು ಕೆಂಪು ಗುಂಡಿ ಒತ್ತಿದಾಗ ಲಿಫ್ಟ್ ಕಂಪನಿಯ ಕೋಣೆಯಿಂದ ಅವರಿಗೆ ಸಮಾಧಾನ ಹೇಳುವ ಆ ಧ್ವನಿಯನ್ನು ನಿನ್ನ ಮನೆಯವರು ಮನೆಗೂ ತರುತ್ತಾರಲ್ಲ, ಅದೇ ಧ್ವನಿಯಲ್ಲಿ ಕೇಳಿದರು.

‘ಅಂದ್ರೆ ಅವಳು ಬರೆದದ್ದೆಲ್ಲ ನಂಗೆ ಕಾಣುತ್ತಾ ಅತ್ತಿಗೆ?’

‘ಅಗತ್ಯ ಬಿದ್ದಾಗ.’

‘ಅಗತ್ಯ ಬಿದ್ದಿದೆ ಅಂತ ಯಾರು ಹೇಳ್ಬೇಕು?’

‘ಕೀಲಿ ಯಾರ ಹತ್ರ ಇದೆಯೋ ಅವರು.’

ಅವರು ಸಹಿ ಹಾಕಿ ಪೆನ್ನು ವಾಪಸು ಕೊಟ್ಟರು. ‘ಹಾಗಾದ್ರೆ ಅವಳಿಗೆ ಹೇಳೋದು ಬೇಡ ಬಿಡಿ. ಮೊದಲೇ ಮೊಂಡಿ, ಸುಮ್ನೆ ತಲೆ ಕೆಡಿಸ್ಕೊಳ್ತಾಳೆ’ ಎಂದರು. ನಾನು ನಿನ್ನನ್ನು ಕರೆಯುವ ಹೆಸರು ಅವರ ಬಾಯಲ್ಲಿ ಕೇಳಿ ಒಂದು ಕ್ಷಣ ಹೇಗೋ ಆಯಿತು. ಪರೀಕ್ಷೆಯ ನಿಯಮದಲ್ಲೂ ಬಳಸುವವರು ಸಹಜವಾಗಿರಬೇಕು ಎಂದಿತ್ತು. ಗೊತ್ತಾದರೆ ಸಹಜವಾಗಿರುವುದಿಲ್ಲ. ಆಗಲಿ ಎಂದೆ. ನೀನು ಕಾಫಿ ತಂದೆ. ಸಕ್ಕರೆ ಸರಿಯಾಗಿದೆಯಾ ಎಂದು ಇಬ್ಬರನ್ನೂ ಕೇಳಿದೆ.

ಅವರು ಏನು ಓದುತ್ತಾರೆ ಎನ್ನುವುದು ನಮಗೆ ಕಾಣುವುದಿಲ್ಲ. ಇದನ್ನು ನೀನು ನಂಬಬೇಕು. ನಮಗೆ ಬರುವುದು ಎಷ್ಟು ಸಲ ತೆರೆದರು ಎನ್ನುವ ಎಣಿಕೆ ಮಾತ್ರ. ಪ್ರತಿ ಮನೆಗೆ ಒಂದು ಸಾಲು, ತೆರೆದ ಕೂಡಲೇ ಹೊತ್ತಿನ ಸಮೇತ ಅಂಕಿ ಏರುತ್ತದೆ. ಹೆಚ್ಚಿನ ಮನೆಗಳಲ್ಲಿ ಮೊದಲ ವಾರ ಹತ್ತಿಪ್ಪತ್ತು ಸಲ ತೆರೆದು, ಆಮೇಲೆ ಬೇಸರ ಬಂದು ಬಿಟ್ಟರು. ಹದಿನೇಳನೆಯ ಮನೆಯಲ್ಲಿ ಬೇಸರ ಬರಲಿಲ್ಲ. ದಿನಕ್ಕೆ ಮೂರು, ನಾಲ್ಕು, ಏಳು. ಸಂಜೆ ಏಳೂವರೆಗೆ ತಪ್ಪದೆ ಒಂದು. ಆ ಏಳೂವರೆ ಏನೆಂದು ನನಗೆ ನಿನ್ನೆ ನಿನ್ನ ಪತ್ರ ಓದಿದ ಮೇಲೆ ತಿಳಿಯಿತು. ಊಟದ ಹೊತ್ತಿಗೆ ಅವರು ನಿನ್ನ ಸಂದೇಶಗಳನ್ನು ಗಟ್ಟಿಯಾಗಿ ಓದಿ ಹೇಳುತ್ತಾರೆ, ನಿನ್ನ ಅತ್ತೆ ‘ನನ್ನ ಕಣ್ಣಿಗೆ ಕಾಣಲ್ಲ, ನಿಧಾನವಾಗಿ ಓದೋ’ ಎನ್ನುತ್ತಾರೆ, ‘ಆ ಗೊರಕೆ ವಿಷಯ ಇನ್ನೊಂದ್ಸಲ ಓದು’ ಎಂದು ತಟ್ಟೆ ಕೆಳಗಿಟ್ಟು ನಗುತ್ತಾರೆ, ಇವೆಲ್ಲ. ಆ ಗೊರಕೆಯ ಸಂದೇಶ ನೀನು ನನಗೆ ಕಳಿಸಿದ್ದು. ನನಗೆ ಅದನ್ನು ಓದಿ ನಗು ಬಂದಿತ್ತು.

ನಲವತ್ತೊಂದನೆಯ ದಿನದ ಬಗ್ಗೆ ಬರೆಯಬೇಕು. ಜನವರಿ 25.

ಹಲ್ಲಿನ ಸೆಟ್ಟು ಮಾಡುವ ಲ್ಯಾಬಿನಲ್ಲಿ ನಿನ್ನ ಹಳೆಯ ಯಜಮಾನರು ನಿನಗೆ ಮತ್ತೆ ಕೆಲಸ ಕೊಡಲು ಒಪ್ಪಿದ್ದು, ಮೂರು ಗಂಟೆಯ ಬಸ್ಸಿಗೆ ನೀನು ಹೊರಡುವುದು, ಎರಡನ್ನೂ ಬೆಳಿಗ್ಗೆ ಹತ್ತಕ್ಕೆ ನನಗೆ ಬರೆದೆ. ಮೇಣದಲ್ಲಿ ಹಲ್ಲು ಕೆತ್ತುವ ಚಾಕು ಸಿಕ್ಕಿತು, ತುಕ್ಕು ಹಿಡಿದಿಲ್ಲ, ಎಂದೂ ಬರೆದಿದ್ದೆ. ‘ಜಾಣೆ. ಹುಷಾರು’ ಎಂದು ನಾನು ಉತ್ತರ ಕೊಟ್ಟೆ. ಕೊಟ್ಟು ಪರದೆಯ ಕಡೆ ತಿರುಗಿದೆ. ಹನ್ನೆರಡಕ್ಕೆ ಹದಿನೇಳನೆಯ ಸಾಲಿನಲ್ಲಿ ಮೂವತ್ತೊಂದು ಎಂದಿತ್ತು. ಒಂದಕ್ಕೆ ನಲವತ್ತೆಂಟು. ಎರಡಕ್ಕೆ ಅರವತ್ತನಾಲ್ಕು. ಎರಡು ಗಂಟೆಯ ನಂತರ ಅಂಕಿ ಬದಲಾಗಲಿಲ್ಲ. ಅವರು ಹೊರಟಿದ್ದರು.

ನನ್ನ ಫೋನು ಕೈಯಳತೆಯಲ್ಲಿತ್ತು. ಮೂರು ಗಂಟೆಗೆ ಇನ್ನೂ ಮುಕ್ಕಾಲು ಗಂಟೆಯಿತ್ತು. ನಿನಗೆ ಫೋನು ಮಾಡಿ, ಮೊಂಡಿ, ಬಸ್ ನಿಲ್ದಾಣಕ್ಕೆ ಹೋಗಬೇಡ ಎಂದರೆ ಸಾಕಿತ್ತು. ಹಾಗೆ ಮಾಡಿದ್ದರೆ ನಿನಗೆ ಕೀಲಿಯ ವಿಷಯ ತಿಳಿಯುತ್ತಿತ್ತು, ಹದಿನೇಳನೆಯ ಮನೆ ಅಲ್ಲಿಗೆ ಕೆಡುತ್ತಿತ್ತು. ನಾನು ಅರವತ್ತನಾಲ್ಕನ್ನು ಕೋಷ್ಟಕಕ್ಕೆ ಇಳಿಸಿಕೊಂಡೆ. ಷರಾ ಕಾಲಂನಲ್ಲಿ ‘ಅತಿ ಹೆಚ್ಚಿನ ಬಳಕೆ’ ಎಂದು ಬರೆದೆ. ಎರಡೂಕಾಲಿನಿಂದ ಮೂರರವರೆಗೆ ಏನು ಮಾಡಿದೆ ಎಂದು ಎಷ್ಟು ಯೋಚಿಸಿದರೂ ನೆನಪಾಗುತ್ತಿಲ್ಲ, ಮೂರಕ್ಕೆ ಕೈ ತೊಳೆದುಕೊಂಡು ಬಂದದ್ದು ನೆನಪಿದೆ.

ಅವರು ಬಸ್ ನಿಲ್ದಾಣದ ಬೆಂಚಿನ ಮೇಲೆ ನಿನ್ನ ಪಕ್ಕದಲ್ಲಿ ಕುಳಿತು ನೀರಿನ ಬಾಟಲಿಯ ಮುಚ್ಚಳ ತೆಗೆದು ಕೊಟ್ಟರೆಂದು ಬರೆದಿದ್ದೀಯ. ‘ಗಾಬರಿ ಆಗ್ಬೇಡ, ನಾನಿದೀನಿ’ ಎಂದರಂತೆ. ಅಲ್ಲಿಂದಲೇ ಲ್ಯಾಬಿನವರಿಗೆ ಫೋನು ಮಾಡಿ, ನಿನಗೂ ಕೇಳಿಸುವಂತೆ, ‘ನಮ್ಮ ಮನೆಯವಳಿಗೆ ಸ್ವಲ್ಪ ಮನಸ್ಸಿಗೆ ಹುಷಾರಿಲ್ಲ ಸಾರ್, ನಿಮಗೆ ತೊಂದರೆ ಕೊಟ್ಟಿದ್ರೆ ಕ್ಷಮಿಸಿ’ ಎಂದರಂತೆ. ನಿನ್ನ ಯಜಮಾನರು ‘ಪರವಾಗಿಲ್ಲ, ಚೆನ್ನಾಗಿ ನೋಡ್ಕೊಳ್ಳಿ’ ಎಂದರಂತೆ. ನಾನು ಅಷ್ಟೆಲ್ಲ ಊಹಿಸಿರಲಿಲ್ಲ. ಜಗಳವಾಗುತ್ತದೆ ಎಂದುಕೊಂಡಿದ್ದೆ. ಜಗಳವಾದರೆ ಸರಿಹೋಗುತ್ತದೆ ಎಂದುಕೊಂಡಿದ್ದೆ.

ಅದಾದ ಮೂರನೆಯ ದಿನ ಅವರು ನನಗೆ ಫೋನು ಮಾಡಿದರು. ‘ಅತ್ತಿಗೆ, ನಿಮ್ಮ ಉಪಕಾರ ಮರೆಯಲ್ಲ. ಒಂದು ಸಂಸಾರ ಉಳಿಸಿದ್ರಿ’ ಎಂದರು. ಆ ವಾಕ್ಯ ನನ್ನ ವರದಿಯ ಹನ್ನೊಂದನೆಯ ಪುಟದಲ್ಲಿ, ಬಳಕೆದಾರರ ಮಾತು ಎಂಬ ಶೀರ್ಷಿಕೆಯ ಕೆಳಗೆ ಇದೆ. ‘ಅತ್ತಿಗೆ’ ಎನ್ನುವುದನ್ನು ತೆಗೆದಿದ್ದೇನೆ.

ಇಷ್ಟು ನಿನ್ನ ಮೊದಲ ಪ್ರಶ್ನೆಗೆ ಉತ್ತರ. ನೀನು ಪತ್ರದಲ್ಲಿ ಮೂರು ಕಡೆ ನನ್ನ ಕ್ಷಮೆ ಕೇಳಿದ್ದೀಯ. ನಿನ್ನ ಅಜಾಗರೂಕತೆಯಿಂದ ನಾನು ಮುಜುಗರ ಪಡುವಂತಾಯಿತು ಎಂದಿದ್ದೀಯ. ಆ ಮೂರು ಸಾಲುಗಳನ್ನು ಮತ್ತೆ ಮತ್ತೆ ಓದಿದೆ. ನಿನ್ನ ಗುಪ್ತಸಂಖ್ಯೆಯನ್ನು ‘ಕೀಲಿ’ ಎಂದು ಬರೆಯಬೇಕಾದಲ್ಲಿ ‘ಕೀಳಿ’ ಎಂದು ಬರೆದಿದ್ದೀಯ, ಚಿಕ್ಕಂದಿನಿಂದಲೂ ಅದೇ ತಪ್ಪು. ತಿದ್ದಲು ಕೈ ಹೋಯಿತು, ಹಿಂದೆ ತೆಗೆದುಕೊಂಡೆ.

ಎರಡನೆಯ ಲ್ಯಾಬು ನೀನೇ ಹುಡುಕಿಕೊಂಡಿದ್ದೀಯ, ಫೋನು ಮುಟ್ಟದೆ, ಟೈಲರಮ್ಮನ ಕೈಯಿಂದ ಕಾಗದ ಕಳಿಸಿ. ಅಲ್ಲಿಯ ಯಜಮಾನಿ ಶುಕ್ರವಾರ ಬೆಳಿಗ್ಗೆ ಒಂಬತ್ತಕ್ಕೆ ಬೆಂಚಿನ ಮುಂದೆ ಕಾಣಿಸದಿದ್ದರೆ ಬೇರೆಯವರನ್ನು ತೆಗೆದುಕೊಳ್ಳುತ್ತೇನೆ ಎಂದಿದ್ದಾರೆ. ನಿನ್ನ ಮನೆಯವರು ಸೋಮವಾರದಿಂದ ನಿನ್ನನ್ನು ತಮ್ಮ ಲಿಫ್ಟ್ ಕಂಪನಿಯ ಕೋಣೆಯಲ್ಲಿ ಪಕ್ಕದ ಕುರ್ಚಿಗೆ ಕೂರಿಸುವವರಿದ್ದಾರೆ, ಬೆಳಿಗ್ಗೆ ಎಂಟರಿಂದ ಸಂಜೆ ಆರರವರೆಗೆ. ಹಾಗಾಗಿ ಗುರುವಾರ ಬಿಟ್ಟರೆ ಇನ್ನೊಂದು ದಿನವಿಲ್ಲ. ಇದೆಲ್ಲ ನನಗೆ ಅರ್ಥವಾಗಿದೆ. ನೀನು ಒಂದಕ್ಷರವೂ ಹೆಚ್ಚಿಲ್ಲದೆ ಬರೆದಿದ್ದೀಯ. ಹೀಗೆ ಬರೆಯುವುದನ್ನು ಯಾವಾಗ ಕಲಿತೆ ಎಂದು ಆಶ್ಚರ್ಯವಾಯಿತು.

ನೀನು ಚಿಕ್ಕವಳಿದ್ದಾಗ ನನ್ನ ಮೇಲೆ ಕೋಪ ಬಂದರೆ ನನ್ನ ಹೊದಿಕೆ ಎಳೆದುಕೊಂಡು ಹೋಗಿ ಮೆಟ್ಟಿಲ ಮೇಲೆ ಮಲಗುತ್ತಿದ್ದೆ. ಅಮ್ಮ ಎಷ್ಟು ಕರೆದರೂ ಏಳುತ್ತಿರಲಿಲ್ಲ, ನಾನು ಬಂದು ಪಕ್ಕದಲ್ಲಿ ಕುಳಿತರೆ ಐದು ನಿಮಿಷಕ್ಕೆ ನಿದ್ದೆ ಹೋಗುತ್ತಿದ್ದೆ. ಇದನ್ನು ಯಾಕೆ ಬರೆದೆನೋ ಗೊತ್ತಿಲ್ಲ. ನೀನೆಂದರೆ ನನಗೆ ಇಷ್ಟ, ಅದು ಈ ಪತ್ರದಲ್ಲಿ ಎಲ್ಲೂ ಕಾಣುತ್ತಿಲ್ಲವಲ್ಲ ಎನ್ನಿಸಿತು.

ಊಟದ ಬಿಡುವು ಮುಗಿಯಿತು. ನಿನ್ನ ಆರೋಗ್ಯ ನೋಡಿಕೋ.

ಎಂದೆಂದೂ ನಿನ್ನವಳೇ ಆದ
ಅಕ್ಕ

ಮರೆತಿದ್ದೆ: ಎರಡನೆಯ ಪ್ರಶ್ನೆ ಉಳಿದಿದೆ. ಈಗ ನಾಲ್ಕೂವರೆ. ಮ್ಯಾನೇಜರ್ ಬಂದು ಹೋದರು. ಇಪ್ಪತ್ತು ಮನೆಗಳಲ್ಲಿ ಒಂದು ಊರು ಬಿಟ್ಟಿತು, ಒಂದರಲ್ಲಿ ಫೋನು ನೀರಿಗೆ ಬಿತ್ತು. ಉಳಿದಿರುವುದು ಹದಿನೆಂಟು. ಮನೆಯಿಂದ ಒಬ್ಬರು ಹೊರಟುಹೋದರೂ ಆ ಮನೆಯನ್ನು ತೆಗೆದುಹಾಕಬೇಕು, ಹದಿನೆಂಟಕ್ಕಿಂತ ಕಡಿಮೆಯಾದರೆ ತೊಂಬತ್ತು ದಿನವೂ ಮತ್ತೆ ಮೊದಲಿನಿಂದ. ಗುರುವಾರ ಎಂಬತ್ತೆಂಟನೆಯ ದಿನ. ಶನಿವಾರ ತೊಂಬತ್ತು. ಶನಿವಾರ ಹನ್ನೊಂದಕ್ಕೆ ನಾನು ವರದಿಗೆ ಸಹಿ ಮಾಡಿದರೆ ಕಾರ್ಖಾನೆಯಲ್ಲಿ ನಿಂತಿರುವ ನಲವತ್ತು ಸಾವಿರ ಫೋನುಗಳು ಅಂಗಡಿಗೆ ಹೊರಡುತ್ತವೆ, ಈ ವಿಭಾಗ ನನ್ನ ಕೈಗೆ ಬರುತ್ತದೆ. ಆಮೇಲೆ ಯಾವ ಪ್ರಶ್ನೆಯಲ್ಲಿ ಯಾವ ಪದ ಇರಬೇಕು ಎಂದು ನಾನೇ ತೀರ್ಮಾನಿಸಬಹುದು. ಹದಿನಾಲ್ಕನೆಯದನ್ನೂ ಸರಿಮಾಡಬಹುದು.

‘ನಿಂಗೆ ಬರೋಕಾಗ್ದಿದ್ರೆ ಇಲ್ಲ ಅಂತ ಒಂದು ಮಾತು ಹೇಳಿಬಿಡು ಅಕ್ಕ, ಬೇಜಾರಿಲ್ಲ, ಟೈಲರಮ್ಮ ನನ್ನನ್ನ ನಾಲ್ಕೂ ಇಪ್ಪತ್ತರ ಬಸ್ಸಿಗೆ ಹತ್ತಿಸ್ತಾರೆ’ ಎಂದು ನೀನು ಕೊನೆಯಲ್ಲಿ ಬರೆದಿದ್ದೀಯ. ಹಾಗಾಗಿ ಇಲ್ಲ ಎಂದು ಬರೆಯುವಂತಿಲ್ಲ. ಬೇರೊಂದು ಚೀಟಿ ಬರೆದಿದ್ದೇನೆ: ‘ಬರುತ್ತೇನೆ. ಎಷ್ಟು ತಡವಾದರೂ ನನ್ನ ಕಾರು ಕಾಣುವವರೆಗೆ ಅಂಗಡಿಯಿಂದ ಹೊರಗೆ ಕಾಲಿಡಬೇಡ.’ ಕಣ್ಣಿನ ಆಸ್ಪತ್ರೆಯಿಂದ ಅವರು ಐದೂವರೆಗೆ ಮನೆಗೆ ಬರುತ್ತಾರೆ, ಅಷ್ಟರಲ್ಲಿ ಆ ಬಸ್ಸು ಹೋಗಿರುತ್ತದೆ. ಈ ಪತ್ರವನ್ನು ಭಾನುವಾರ ಕೊಡುತ್ತೇನೆ.

ಚೀಟಿ ಕೋಟಿನ ಜೇಬಿನಲ್ಲಿದೆ. ಟೈಲರಮ್ಮನ ಅಂಗಡಿ ಇವತ್ತು ಆರಕ್ಕೆ ಮುಚ್ಚುತ್ತದೆ. ಐದೂಕಾಲಿಗೆ ಇಲ್ಲಿಂದ ಹೊರಡುತ್ತೇನೆ.